ಗದ್ದೆಯ ಇಲಿಗೆ ವಿಷ, ಮನೆಯ ಇಲಿಗೆ ಅನ್ನ: ಎರಡೂ ಒಂದೇ ಮನೇಲಿ ಇರಬಹುದಾ?

ಇಲಿ ಅಂದ್ರೆ ರೈತರ ಮನೇಲಿ ಮೊದಲು ಬರೋ ಮಾತು ಒಂದೇ, ಯಾವ ಔಷಧಿ ಇಟ್ರೆ ಸಾಯುತ್ತೆ ಅನ್ನೋದು. ಆದ್ರೆ ಈಗೀಗ ನಮ್ಮ ವಯಸ್ಸಿನ ಹುಡುಗರು, ಹುಡುಗಿಯರು ಬೇರೆಯದೇ ಪ್ರಶ್ನೆ ಕೇಳ್ತಿದ್ದಾರೆ: ಬಿಳಿ ಇಲಿ ಸಾಕಬಹುದಾ? ಹೆಗಲ ಮೇಲೆ ಕೂತು ಬಟಾಣಿ ತಿನ್ನುವ ಇಲಿ, ಹೆಸರು ಕರೆದರೆ ಓಡಿ ಬರುವ ಇಲಿ, ಇಂಥ ರೀಲ್ಸ್ ನೋಡಿದ ಮೇಲೆ ಆಸೆ ಹುಟ್ಟೋದು ಸಹಜ. ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಾಕಿ ಮಾರಿದ್ರೆ ಲಾಭ ಇದೆಯಾ ಅಂತಾರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಸಾಕಬಹುದು, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಆದರೆ ಸಿಟಿಯ ಫ್ಲ್ಯಾಟ್‌ನಲ್ಲಿ ಸಾಕೋದಕ್ಕೂ, ಭತ್ತದ ಚೀಲ, ಇಲಿ ಪಾಷಾಣ, ಕೊಟ್ಟಿಗೆ, ಬೆಕ್ಕು, ಹಾವು ಎಲ್ಲವೂ ಇರೋ ನಮ್ಮ ಮನೇಲಿ ಸಾಕೋದಕ್ಕೂ ಅಜಗಜಾಂತರ ವ್ಯತ್ಯಾಸ ಇದೆ. ರೀಲ್ಸ್ ಮಾಡೋರು ಇದನ್ನು ಹೇಳಲ್ಲ, ಅವರಿಗೆ ಗೊತ್ತೂ ಇರಲ್ಲ. ವ್ಯಾಪಾರಕ್ಕೆ ಅಂತ ಸಾಕೋದಾದ್ರೆ ಮಾತ್ರ ಬೇಡವೇ ಬೇಡ. ಯಾಕೆ ಅಂತ ಮುಂದೆ ಬರೀತೀನಿ.

ಯಾವ ಇಲಿ?

ಸಾಕುವ ಇಲಿಗೂ ನಮ್ಮ ಗದ್ದೆ ಇಲಿಗೂ ಸಂಬಂಧ ಅಷ್ಟಕ್ಕಷ್ಟೆ. ಅಂಗಡೀಲಿ ಸಿಗೋ ಬಿಳಿ, ಕಪ್ಪು ತಲೆಯ ಬಿಳಿ, ಬೂದಿ ಬಣ್ಣದ ಇಲಿಗಳೆಲ್ಲ ಕಂದು ಇಲಿ ಅನ್ನೋ ಜಾತಿಯಿಂದ ಬಂದವು. ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ ಇಲಿ ಹಿಡಿಯೋದೇ ಒಂದು ಕಸುಬಾಗಿತ್ತು. ವಿಕ್ಟೋರಿಯಾ ರಾಣಿಯ ಇಲಿ ಹಿಡಿಯುವವನು ಅಂತ ಹೇಳಿಕೊಳ್ಳುತ್ತಿದ್ದ ಜಾಕ್ ಬ್ಲ್ಯಾಕ್ ಅನ್ನುವವನು, ಬಲೆಗೆ ಬಿದ್ದ ಇಲಿಗಳಲ್ಲಿ ಬಣ್ಣ ಬೇರೆ ಇದ್ದವನ್ನು ಕೊಲ್ಲದೆ ಇಟ್ಟುಕೊಂಡು ತಳಿ ಮಾಡಿ ಮಾರುತ್ತಿದ್ದ. 1901ರಲ್ಲಿ ಅಲ್ಲಿನ ಒಂದು ಪ್ರದರ್ಶನದಲ್ಲಿ ಸಾಕಿದ ಇಲಿಗಳಿಗೂ ಜಾಗ ಸಿಕ್ಕಿತು. ಪ್ರಯೋಗಾಲಯದ ಬಿಳಿ ಇಲಿಯೂ ಇದೇ ಜಾತಿ. ಅಂದ್ರೆ ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಮನುಷ್ಯರ ಕೈಯಲ್ಲಿ, ಸಾಧು ಸ್ವಭಾವ ನೋಡಿ ನೋಡಿ ಆರಿಸಿದ ತಳಿ ಅದು.

ನಮ್ಮ ಗದ್ದೆಯಲ್ಲಿ ಬದು ಕೊರೆದು ಬಿಲದೊಳಗೆ ತೆನೆ ಕೂಡಿಡೋದು ಹೆಗ್ಗಣ. ಅಟ್ಟದ ಮೇಲೆ ಓಡಾಡೋದು, ತೆಂಗಿನ ಮರ ಹತ್ತಿ ಎಳನೀರು ಕೊರೆಯೋದು ಕಪ್ಪು ಇಲಿ. ಇವು ಬೇರೆ ಬೇರೆ ಜಾತಿಗಳು, ಇವನ್ನು ಯಾರೂ ಪಳಗಿಸಿಲ್ಲ. ಇದನ್ನು ಒತ್ತಿ ಹೇಳೋಕೆ ಕಾರಣ ಇದೆ. ಉಳುಮೆ ಮಾಡುವಾಗಲೋ, ಕಟಾವಿನ ಹೊತ್ತಲ್ಲೋ ಬಿಲ ಒಡೆದು ಗುಲಾಬಿ ಬಣ್ಣದ ಮರಿಗಳು ಹೊರಬೀಳುತ್ತವೆ. ಕಣ್ಣು ಬಿಟ್ಟಿರಲ್ಲ, ನೋಡಿದ್ರೆ ಪಾಪ ಅನ್ನಿಸುತ್ತೆ. ಅದನ್ನು ಹತ್ತಿಯಲ್ಲಿ ಸುತ್ತಿ, ಹಾಲು ಹನಿಸಿ, ವಿಡಿಯೋ ಹಾಕೋರಿದ್ದಾರೆ. ದಯವಿಟ್ಟು ಮಾಡಬೇಡಿ. ಹಸುವಿನ ಹಾಲಿಗೆ ಅಂಥ ಮರಿ ಬದುಕೋದು ಕಷ್ಟ. ಬದುಕಿದ್ರೂ ಆರು ವಾರಕ್ಕೆ ಅದು ಹೆಗ್ಗಣವೇ ಆಗುತ್ತೆ, ಕಚ್ಚುತ್ತೆ. ಅದರ ಮೈಮೇಲಿನ ನುಸಿ, ಮೂತ್ರದಲ್ಲಿನ ರೋಗಾಣು ಮನೆಯೊಳಗೆ ಬಂದಾಗಿರುತ್ತೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಗಾದೆ ಇದೆ. ಹೆತ್ತದ್ದು ನಾವಲ್ಲವಲ್ಲ, ಅಲ್ಲಿಗೇ ಬಿಡಿ.

ಒಂದಲ್ಲ, ಎರಡು

ಇಲಿ ಒಂಟಿ ಪ್ರಾಣಿ ಅಲ್ಲ. ಒಂದನ್ನೇ ತಂದು ಪಂಜರದಲ್ಲಿಟ್ಟರೆ ಅದು ಮಂಕಾಗುತ್ತೆ, ತನ್ನ ಕೂದಲನ್ನೇ ಕಿತ್ತುಕೊಳ್ಳೋದೂ ಉಂಟು. ನೀವು ಬೆಳಿಗ್ಗೆ ಐದಕ್ಕೆ ಎದ್ದು ಹಾಲು ಕರೆದು, ಮೋಟರ್ ಹಾಕಿ, ಸಂಜೆ ವಾಪಸ್ ಬರೋರು. ಅಷ್ಟು ಹೊತ್ತು ಅದಕ್ಕೆ ಜೊತೆ ಯಾರು? ಹಾಗಾಗಿ ಎರಡು ತನ್ನಿ, ಎರಡೂ ಹೆಣ್ಣು ಅಥವಾ ಎರಡೂ ಗಂಡು. ಅಂಗಡಿಯವರ ಮಾತು ನಂಬದೆ ನೀವೇ ನೋಡಿ, ಗಂಡಿನ ಬೀಜ ಐದಾರು ವಾರಕ್ಕೆ ಎದ್ದು ಕಾಣುತ್ತೆ. ಇದರಲ್ಲಿ ಎಡವಿದ್ರೆ ಏನಾಗುತ್ತೆ ಅಂದ್ರೆ, ಗರ್ಭ ಬರೀ ಮೂರು ವಾರ, ಒಂದು ಸೂಲಿಗೆ ಆರರಿಂದ ಹನ್ನೆರಡು ಮರಿ. ಆ ಮರಿಗಳು ಐದಾರು ವಾರಕ್ಕೇ ಮರಿ ಹಾಕೋ ವಯಸ್ಸಿಗೆ ಬಂದಿರ್ತವೆ.

ಪಂಜರ ದೊಡ್ಡದಿರಲಿ, ಎರಡು ಅಂತಸ್ತು ಇದ್ರೆ ಒಳ್ಳೇದು. ಹತ್ತೋದು, ಕಚ್ಚೋದು, ಅಡಗೋದು ಅವುಗಳ ಕೆಲಸ. ಕಂಬಿಗಳ ನಡುವೆ ಅರ್ಧ ಇಂಚಿಗಿಂತ ಜಾಸ್ತಿ ಜಾಗ ಇದ್ರೆ ಮರಿ ನುಸುಳಿ ಹೋಗುತ್ತೆ. ನೆಲಕ್ಕೆ ಬರೀ ತಂತಿ ಬಲೆ ಬೇಡ, ಪಾದ ಹುಣ್ಣಾಗುತ್ತೆ. ಹಾಸಿಗೆಗೆ ನಮ್ಮಲ್ಲಿ ಸುಲಭಕ್ಕೆ ಸಿಗೋದು ಮರದ ಹೊಟ್ಟು, ಭತ್ತದ ಹೊಟ್ಟು. ಎರಡೂ ಬೇಡ ಅನ್ನೋದು ನನ್ನ ಮಾತು. ಇಲಿಯ ಶ್ವಾಸಕೋಶ ಬಹಳ ಸೂಕ್ಷ್ಮ. ಹೊಟ್ಟಿನ ಧೂಳು, ಮೂತ್ರದ ಅಮೋನಿಯಾ ಎರಡೂ ಸೇರಿದ್ರೆ ಉಸಿರಾಟದ ಕಾಯಿಲೆ ಗ್ಯಾರಂಟಿ. ಹಳೇ ಕಾಟನ್ ಬಟ್ಟೆ, ಹರಿದ ಕಾಗದ ಸಾಕು, ಎರಡು ದಿನಕ್ಕೊಮ್ಮೆ ಬದಲಾಯಿಸಿ. ಖರ್ಚೂ ಇಲ್ಲ.

ಊಟದ ವಿಷಯಕ್ಕೆ ನಾವು ರೈತರು ಪುಣ್ಯವಂತರು. ಪ್ರಯೋಗಾಲಯದ ಇಲಿಗೆ ಹಾಕುವ ಉಂಡೆ ಸಿಕ್ಕರೆ ಅದೇ ಮುಖ್ಯ ಆಹಾರವಾಗಲಿ, ಅದರಲ್ಲಿ ಎಲ್ಲ ಪೋಷಕಾಂಶ ಇರುತ್ತೆ. ಜೊತೆಗೆ ಜೋಳ, ರಾಗಿ, ನವಣೆ, ಬೇಯಿಸಿದ ಬೇಳೆ, ವಾರಕ್ಕೆ ಒಂದೆರಡು ಸಲ ಬೇಯಿಸಿದ ಮೊಟ್ಟೆಯ ತುಣುಕು, ಸೌತೆಕಾಯಿ, ಸೊಪ್ಪು. ಔಷಧಿ ಹೊಡೆದ ತೋಟದ ಸೊಪ್ಪು ಬೇಡ, ಇದನ್ನು ಬೇರೆ ಹೇಳಬೇಕಾಗಿಲ್ಲ ಅನ್ಕೊಂಡಿದೀನಿ. ದೊಡ್ಡ ಇಲಿ ದಿನಕ್ಕೆ 15ರಿಂದ 20 ಗ್ರಾಂ ತಿನ್ನುತ್ತೆ, ಅಷ್ಟೇ. ಕುರುಕಲು, ಸಿಹಿ ಹಾಕಿದ್ರೆ ಬೊಜ್ಜು ಬರುತ್ತೆ. ಹಸಿ ರಾಜ್ಮಾ, ಹಸಿ ಅವರೆ ಬೀಜದಂಥವು ಬೇಡ.

ಇನ್ನೊಂದು ವಿಷಯ ಬೇಸಿಗೆ. ಇಲಿಗೆ ಬೆವರು ಸುರಿಸಿ ತಂಪಾಗೋಕೆ ಬರಲ್ಲ, ಬಾಲದ ಮೂಲಕವೇ ಹೆಚ್ಚಿನ ಶಾಖ ಹೊರಹಾಕುತ್ತೆ. 30 ಡಿಗ್ರಿ ದಾಟಿದ್ರೆ ಒದ್ದಾಡೋಕೆ ಶುರು. ರಾಯಚೂರು, ಕಲಬುರಗಿ, ಬಳ್ಳಾರಿ ಕಡೆ ಏಪ್ರಿಲ್ ತಿಂಗಳಲ್ಲಿ ತಗಡಿನ ಶೀಟ್ ಹಾಕಿದ ಮನೇಲಿ ಇಲಿ ಸಾಕ್ತೀನಿ ಅಂದ್ರೆ ನಾನು ಬೇಡ ಅಂತಲೇ ಹೇಳ್ತೀನಿ. ಮಣ್ಣಿನ ಮನೆ, ಹೆಂಚಿನ ಮನೆ ಆದ್ರೆ ಪರವಾಗಿಲ್ಲ. ಒಡೆದ ಮಡಕೆಯ ಚೂಪು ಅಂಚು ಉಜ್ಜಿ, ನೀರಲ್ಲಿ ನೆನೆಸಿ ಪಂಜರದೊಳಗೆ ಮಗುಚಿ ಇಡಿ. ಮಧ್ಯಾಹ್ನ ಪೂರ್ತಿ ಅದರೊಳಗೇ ಮಲಗಿರ್ತವೆ.

ವಿಷ ಇರೋ ಮನೆ

ಈಗ ನಿಜವಾದ ವಿಷಯಕ್ಕೆ ಬರ್ತೀನಿ. ನನಗೆ ಮೂರು ಎಕರೆ ಭತ್ತ ಇದೆ. ಇಲಿ ನಿಯಂತ್ರಣ ನಾನೂ ಮಾಡ್ತೀನಿ, ಮಾಡದೆ ಗತಿ ಇಲ್ಲ. ನಮ್ಮ ಮನೆಗಳಲ್ಲಿ ಜಿಂಕ್ ಫಾಸ್ಫೈಡ್ ಪುಡಿ, ಬ್ರೋಮಾಡಿಯೋಲೋನ್ ಬಿಲ್ಲೆ, ಕೆಲವು ಕಡೆ ಕಾಳಿನ ಚೀಲಕ್ಕೆ ಹಾಕೋ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ, ಎಲ್ಲ ಒಂದೇ ಕಿಟಕಿಯ ಮೇಲೆ ಕೂತಿರ್ತವೆ. ಸಾಕಿದ ಇಲಿಗೆ ಇದರಲ್ಲಿ ಯಾವುದು ತಾಗಿದ್ರೂ ಮುಗೀತು. ಇಲಿಗೆ ವಾಂತಿ ಮಾಡೋಕೆ ಬರಲ್ಲ. ನಾಯಿ ಕಕ್ಕಿ ಬದುಕಬಹುದು, ಇಲಿ ತಿಂದಿದ್ದು ತಿಂದಂಗೇ. ಜಿಂಕ್ ಫಾಸ್ಫೈಡ್‌ಗೆ ಮದ್ದೇ ಇಲ್ಲ, ಹೊಟ್ಟೆಯ ಆಮ್ಲ ಸೇರಿದ ಕೂಡಲೇ ಫಾಸ್ಫೀನ್ ಅನಿಲ ಆಗುತ್ತೆ. ಬ್ರೋಮಾಡಿಯೋಲೋನ್ ಆದ್ರೆ ರಕ್ತ ಹೆಪ್ಪುಗಟ್ಟದ ಹಾಗೆ ಮಾಡಿ ನಿಧಾನಕ್ಕೆ ಕೊಲ್ಲುತ್ತೆ. ಅದಕ್ಕೆ ವಿಟಮಿನ್ ಕೆ1 ಮದ್ದು ಇದೆ, ಆದ್ರೆ ಲಕ್ಷಣ ಕಾಣೋ ಹೊತ್ತಿಗೆ ದಿನಗಳು ಕಳೆದಿರ್ತವೆ.

ಹಾಗಾಗಿ ನನ್ನ ನಿಯಮ ಕಟ್ಟುನಿಟ್ಟು. ಪಾಷಾಣ ಕಲಸಿದ ದಿನ ಸ್ನಾನ ಆಗಿ ಬಟ್ಟೆ ಬದಲಾಗೋವರೆಗೆ ಪಂಜರ ಮುಟ್ಟೋದಿಲ್ಲ. ಕಲಸುವ ಪಾತ್ರೆ, ಚಮಚ, ಅಳತೆ ಎಲ್ಲ ಬೇರೆ, ಅದು ಮನೆಯೊಳಗೆ ಬರೋದೇ ಇಲ್ಲ. ಇಲಿಗೆ ಹಾಕುವ ಕಾಳು ಸ್ಟೀಲ್ ಡಬ್ಬಿಯಲ್ಲಿ, ಪಾಷಾಣಕ್ಕೆ ಬಳಸೋ ನುಚ್ಚು ಬೇರೆ ಕಡೆ. ಕಾಳಿಗೆ ಗುಳಿಗೆ ಹಾಕಿದ ಕೋಣೆಯ ಹತ್ತಿರ ಪಂಜರ ಇರಕೂಡದು. ಪಂಜರ ಯಾಕೆ, ಮನುಷ್ಯರೂ ಮಲಗಕೂಡದು. ಆ ಗುಳಿಗೆಯಿಂದಲೂ ಬರೋದು ಅದೇ ಫಾಸ್ಫೀನ್ ಅನಿಲ. ಅದು ಮನೆಮಂದಿ ಕೈಯಲ್ಲಿ ಇರಬೇಕಾದ ವಸ್ತುವೇ ಅಲ್ಲ. ಇಲಿ ಸಾಕೋ ನೆಪದಲ್ಲಾದ್ರೂ ಈ ಶಿಸ್ತು ಬಂದ್ರೆ ಮನೆಯ ಮಕ್ಕಳಿಗೇ ಒಳ್ಳೇದು, ಅದು ಬೇರೆ ಮಾತು.

ಪಂಜರ ನೆಲದ ಮೇಲೆ ಇಡಬೇಡಿ, ಮಲಗೋ ಕೋಣೆಯಲ್ಲಂತೂ ಬೇಡ. ಚೆಲ್ಲಿದ ಕಾಳಿನ ವಾಸನೆಗೆ ಹೊರಗಿನ ಇಲಿ ಬರುತ್ತೆ, ಪಂಜರದ ಮೇಲೆ ಮೂತ್ರ ಮಾಡಿ ಹೋಗುತ್ತೆ. ಇಲಿ ಇದ್ದಲ್ಲಿಗೆ ಕೇರೆ ಹಾವು ಬರುತ್ತೆ, ನಾಗರವೂ ಬರುತ್ತೆ. ಗೋಡೆಗೆ ಅಂಟದ ಹಾಗೆ, ಕಾಲುಗಳು ನುಣ್ಣಗಿರೋ ಎತ್ತರದ ಸ್ಟ್ಯಾಂಡ್ ಮೇಲೆ ಇಟ್ಟು, ದಿನಾ ಸಂಜೆ ಕೆಳಗೆ ಗುಡಿಸಿ.

ಇಲಿ ಜ್ವರದ ವಿಷಯ ಹೇಳದೆ ಇದು ಪೂರ್ತಿ ಆಗಲ್ಲ. ಲೆಪ್ಟೋಸ್ಪೈರೋಸಿಸ್ ಅಂತಾರಲ್ಲ, ಅದು ಇಲಿ, ದನ, ನಾಯಿಗಳ ಮೂತ್ರದಿಂದ ನೀರಿಗೆ ಸೇರಿ, ಕಾಲಿನ ಬಿರುಕು, ಗಾಯದ ಮೂಲಕ ಮೈಯೊಳಗೆ ಹೋಗುತ್ತೆ. ಮಲೆನಾಡು, ಕರಾವಳಿಯ ನಾಟಿ ಗದ್ದೆಗಳಲ್ಲಿ ಮಳೆಗಾಲದಲ್ಲಿ ಇದರ ಭಯ ಹೆಚ್ಚು. ಒಳ್ಳೇ ಕಡೆಯಿಂದ ತಂದ ಸಾಕು ಇಲಿಯಲ್ಲಿ ಅಪಾಯ ಕಡಿಮೆ, ಆದ್ರೆ ಸೊನ್ನೆ ಅಲ್ಲ. ಹೊರಗಿನ ಇಲಿಯ ಮೂತ್ರ ತಾಗಿದ್ರೆ ಅದಕ್ಕೂ ಬರುತ್ತೆ. ಕೈಯಲ್ಲಿ ಗಾಯ ಇದ್ದಾಗ ಪಂಜರ ತೊಳೆಯಬೇಡಿ, ತೊಳೆದ ಮೇಲೆ ಸೋಪು ಹಾಕಿ ಕೈ ತೊಳೀರಿ. ವಿಡಿಯೋಗೋಸ್ಕರ ಮುತ್ತು ಕೊಡೋದು ಬಿಡಿ. ಐದು ವರ್ಷದೊಳಗಿನ ಮಕ್ಕಳು, ಬಸುರಿಯರು ಇರೋ ಮನೇಲಿ ಸದ್ಯಕ್ಕೆ ಬೇಡ. ಕಚ್ಚಿದ್ರೆ ಸೋಪಿನಲ್ಲಿ ಚೆನ್ನಾಗಿ ತೊಳೆದು ಡಾಕ್ಟರ್ ಹತ್ರ ಹೋಗಿ. ಜೋರು ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಬಂದ್ರೆ ಮಾತ್ರೆ ಅಂಗಡಿಗೆ ಹೋಗದೆ ಆಸ್ಪತ್ರೆಗೇ ಹೋಗಿ. ಗದ್ದೆಗೆ ಇಳಿದಿದ್ದೆ, ಇಲಿ ಸಾಕಿದೀನಿ ಅನ್ನೋ ಎರಡನ್ನೂ ಡಾಕ್ಟರಿಗೆ ಹೇಳಿ. ಬೇಗ ಗೊತ್ತಾದ್ರೆ ಸಾಮಾನ್ಯ ಆ್ಯಂಟಿಬಯಾಟಿಕ್‌ನಲ್ಲೇ ವಾಸಿಯಾಗೋ ಕಾಯಿಲೆ, ತಡವಾದ್ರೆ ಕಿಡ್ನಿ, ಲಿವರ್‌ಗೆ ಹೋಗುತ್ತೆ.

ವ್ಯಾಪಾರ ಯಾಕೆ ಬೇಡ

ಒಂದು ಹೆಣ್ಣು ಹತ್ತು ಮರಿ, ಅದರಲ್ಲಿ ಐದು ಹೆಣ್ಣು, ಅವು ಮತ್ತೆ ಐವತ್ತು ಮರಿ, ಈ ಲೆಕ್ಕ ಕೇಳೋಕೆ ಚೆನ್ನಾಗಿದೆ. ಮೊಲ, ಎಮು, ಹೀಗೆ ಹಿಂದೆಯೂ ಇಂಥ ಲೆಕ್ಕ ತೋರಿಸಿಕೊಂಡು ಬಂದವರನ್ನು ನಮ್ಮ ಊರುಗಳು ನೋಡಿವೆ. ಪ್ರಾಣಿ ಹುಟ್ಟಿಸೋದು ಕಷ್ಟ ಅಲ್ಲ, ಕೊಳ್ಳೋರು ಯಾರು ಅನ್ನೋದು ಪ್ರಶ್ನೆ.

ಲ್ಯಾಬ್‌ನವರು ತಗೋತಾರೆ ಅಂತ ಹೇಳ್ತಾರೆ. ಸುಳ್ಳು. ಪ್ರಾಣಿ ಪ್ರಯೋಗದ ಬಗ್ಗೆ 1998ರ ಕೇಂದ್ರ ನಿಯಮ ಇದೆ, ಅದರ ಪ್ರಕಾರ ಲ್ಯಾಬ್‌ಗಳು ನೋಂದಾಯಿತ ತಳಿ ಕೇಂದ್ರಗಳಿಂದಲೇ ಪ್ರಾಣಿ ಕೊಳ್ಳಬೇಕು. ನಿಮ್ಮ ಕೊಟ್ಟಿಗೆಯ ಇಲಿ ಅವರಿಗೆ ಬೇಕಾಗಿಲ್ಲ. ಹಾವು ಸಾಕೋರಿಗೆ ಆಹಾರಕ್ಕೆ ಮಾರಬಹುದು ಅಂತ ಇನ್ನೊಂದು ಮಾತು. ನಮ್ಮ ನಾಡಿನ ಹಾವನ್ನು ಮನೇಲಿ ಇಟ್ಕೊಳ್ಳೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ಅಂಥವರ ಜೊತೆ ವ್ಯವಹಾರ ನಿಮಗೆ ಯಾಕೆ? ಉಳಿದಿದ್ದು ಸಾಕುಪ್ರಾಣಿ ಅಂಗಡಿ. 2018ರ ನಿಯಮದ ಪ್ರಕಾರ ಅಂಗಡಿ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಿರಬೇಕು. ನೀವು ಕೊಳ್ಳುವಾಗಲೂ ಇದನ್ನು ಕೇಳಿ.

ಮಾರಾಟ ಆಗದೆ ಉಳಿದ ಮರಿಗಳನ್ನು ಕಡೆಗೆ ಏನು ಮಾಡ್ತಾರೆ? ರಾತ್ರೋರಾತ್ರಿ ಹಳ್ಳದ ಕಡೆ ಬಿಟ್ಟು ಬರ್ತಾರೆ. ನನಗೆ ನಿಜವಾಗಿ ಸಿಟ್ಟು ಬರೋದು ಇಲ್ಲಿ. ಬಿಳಿ ಇಲಿ ಹೊರಗೆ ಬಿದ್ರೆ ಹೆಚ್ಚಿನವು ಹದ್ದು, ನಾಯಿ, ಬೆಕ್ಕಿಗೆ ತುತ್ತು. ಒಂದಿಷ್ಟು ಉಳಿದು ಬೆಳೆದ್ರೆ, ಕಂದು ಇಲಿ ಜಗತ್ತಿನಲ್ಲೇ ಅತಿ ಗಟ್ಟಿ ಪೀಡೆ ಇಲಿಗಳಲ್ಲಿ ಒಂದು ಅನ್ನೋದು ನೆನಪಿರಲಿ. ಇರೋ ಹೆಗ್ಗಣ ಸಾಲದು ಅಂತ ದುಡ್ಡು ಕೊಟ್ಟು ತಂದು ಊರಿಗೆ ಬಿಡಬೇಕಾ?

ಹಿರಿಯರ ಪ್ರಶ್ನೆ

ಗದ್ದೇಲಿ ವಿಷ ಇಟ್ಟು ಬಂದು ಮನೇಲಿ ಇಲಿಗೆ ಮೊಟ್ಟೆ ತಿನ್ನಿಸ್ತೀಯಲ್ಲ, ಇದೆಂಥ ನ್ಯಾಯ ಅಂತ ಮನೆಯ ಹಿರಿಯರು ಕೇಳ್ತಾರೆ. ನ್ಯಾಯವಾದ ಪ್ರಶ್ನೆಯೇ. ನನ್ನ ಉತ್ತರ ಇಷ್ಟು. ನಾವು ಗಣಪತಿಯ ಕಾಲ ಬುಡದಲ್ಲಿ ಇಲಿಗೆ ಗರಿಕೆ ಇಟ್ಟು, ಮಾರನೇ ದಿನ ಬಿಲಕ್ಕೆ ಪೊಟ್ಟಣ ಹಾಕ್ತೀವಿ. ಹಂದಿ ಬೆಳೆ ತಿಂದ್ರೆ ಓಡಿಸ್ತೀವಿ, ಅದೇ ಊರಲ್ಲಿ ಹಂದಿ ಸಾಕೋರೂ ಇದ್ದಾರೆ. ಬೆಳೆ ಕಾಯೋದು ಒಂದು ಜವಾಬ್ದಾರಿ, ಕೈಗೆ ತಂದುಕೊಂಡ ಜೀವ ನೋಡಿಕೊಳ್ಳೋದು ಇನ್ನೊಂದು. ಅಂಟಿನ ಹಾಳೆಗೆ ಸಿಕ್ಕ ಇಲಿ ಎರಡು ದಿನ ಒದ್ದಾಡಿ ಸಾಯೋದನ್ನು ನೋಡ್ತಾ ಸುಮ್ಮನಿರೋದು ಮಾತ್ರ ಎರಡರಲ್ಲೂ ಬರಲ್ಲ. ನಾನು ಅದನ್ನು ಬಳಸೋದಿಲ್ಲ, ನೀವೂ ಬಳಸಬೇಡಿ.

ಇನ್ನೂ ಒಂದು ಇದೆ. ಇಲಿ ಸಾಕಿದ ಮೇಲೆ ಗದ್ದೆ ಇಲಿ ನನಗೆ ಚೆನ್ನಾಗಿ ಅರ್ಥ ಆಯ್ತು. ಪಂಜರಕ್ಕೆ ಹೊಸ ತಿಂಡಿ ಹಾಕಿದ್ರೆ ನಮ್ಮ ಎರಡು ಹೆಣ್ಣುಗಳಲ್ಲಿ ಒಂದು ಬರುತ್ತೆ, ಮೂಸುತ್ತೆ, ಒಂದು ಚೂರು ಕಡಿದು ಹಿಂದೆ ಸರಿಯುತ್ತೆ. ಇನ್ನೊಂದು ಬಂದು ತಿಂಡಿಯನ್ನಲ್ಲ, ಮೊದಲನೆಯದರ ಬಾಯನ್ನು ಮೂಸುತ್ತೆ. ಜೊತೆಗಾರನ ಉಸಿರಿನ ವಾಸನೆಯಿಂದಲೇ ಯಾವುದು ತಿನ್ನಬಹುದು ಅಂತ ಇಲಿ ಕಲಿಯುತ್ತೆ. ಸಾಕಿದ ಇಲಿಯಲ್ಲೇ ಇಷ್ಟು ಅಂಜಿಕೆ ಇದ್ರೆ, ಕಾಡು ಇಲಿಯಲ್ಲಿ ಇದರ ಎಷ್ಟೋ ಪಟ್ಟು ಇರುತ್ತೆ.

ಈಗ ನೀವು ನೇರ ಜಿಂಕ್ ಫಾಸ್ಫೈಡ್ ಕಲಸಿ ಬಿಲಕ್ಕೆ ಹಾಕಿದ್ರೆ ಏನಾಗುತ್ತೆ ನೋಡಿ. ಒಂದು ಇಲಿ ಚೂರು ತಿಂದು ಕಾಯಿಲೆ ಬೀಳುತ್ತೆ, ಸಾಯದೆ ಉಳಿದ್ರೆ ಆ ರುಚಿಯನ್ನು ಮತ್ತೆ ಮುಟ್ಟಲ್ಲ. ಔಷಧಿ ಡುಪ್ಲಿಕೇಟ್ ಅಂತ ನಾವು ಅಂಗಡಿಯವನಿಗೆ ಬೈತೀವಿ. ಕೃಷಿ ವಿಜ್ಞಾನಿಗಳು ಎರಡು ಮೂರು ದಿನ ವಿಷ ಇಲ್ಲದ ನುಚ್ಚಿಗೆ ಎಣ್ಣೆ ಸವರಿ ಬರೀ ಅಭ್ಯಾಸ ಮಾಡಿಸಿ ಅನ್ನೋದು ಇದಕ್ಕೇ. ಮೊದಲ ದಿನ ಸಂಜೆ ಎಲ್ಲ ಬಿಲ ಮುಚ್ಚಿ, ಬೆಳಿಗ್ಗೆ ತೆರೆದಿರುವ ಬಿಲಗಳೇ ಇಲಿ ಇರೋ ಬಿಲ. ಅವಕ್ಕೆ ಅಭ್ಯಾಸದ ನುಚ್ಚು. ಆಮೇಲೆ ಒಂದೇ ದಿನ 96 ಭಾಗ ನುಚ್ಚು, 2 ಭಾಗ ಎಣ್ಣೆ, 2 ಭಾಗ ಜಿಂಕ್ ಫಾಸ್ಫೈಡ್ ಕಲಸಿ, ಸುಮಾರು 10 ಗ್ರಾಂ ಪೊಟ್ಟಣ ಬಿಲದೊಳಗೆ ಹಾಕಿ ಮುಚ್ಚಿ. ಕೈಗೆ ಗ್ಲೌಸ್ ಇರಲಿ, ಉಳಿದದ್ದನ್ನೂ ಸತ್ತ ಇಲಿಯನ್ನೂ ಹೂಳಿ. ಉಳಿದ ಇಲಿಗೆ ಮತ್ತೆ ಅದೇ ಔಷಧಿ ಬೇಡ, ಬ್ರೋಮಾಡಿಯೋಲೋನ್ ಬಿಲ್ಲೆ ಇಡಿ. ಇದು ನಿಧಾನಕ್ಕೆ ಕೆಲಸ ಮಾಡೋದರಿಂದ ಇಲಿಗೆ ಅನುಮಾನ ಬರಲ್ಲ. ಹೊಡೆ ಬರೋ ಮುಂಚೆಯೇ, ಅಕ್ಕಪಕ್ಕದ ಗದ್ದೆಯವರೆಲ್ಲ ಸೇರಿ ಒಂದೇ ವಾರದಲ್ಲಿ ಮಾಡಿ. ತೆನೆ ಬಂದ ಮೇಲೆ ಎಳೆ ಕಾಳು ಬಿಟ್ಟು ನಿಮ್ಮ ನುಚ್ಚು ತಿನ್ನೋಕೆ ಇಲಿ ಹುಚ್ಚನಲ್ಲ.

ಬುದ್ಧಿಯ ಮಾತು ಬಂತು ಅಂತ ಹೇಳ್ತೀನಿ. ಬೆಲ್ಜಿಯಂ ದೇಶದ ಬಾರ್ಟ್ ವೀಟ್ಯೆನ್ಸ್ ಅನ್ನುವವರು ಹುಡುಗನಾಗಿದ್ದಾಗ ಇಲಿ ಸಾಕುತ್ತಿದ್ದರು. ಅದೇ ಅನುಭವದಿಂದ, ಇಲಿಗೆ ನೆಲಬಾಂಬ್ ಮೂಸೋದು ಕಲಿಸಬಹುದು ಅಂತ ಹೊಳೆದು ಕಟ್ಟಿದ ಸಂಸ್ಥೆ ಅಪೊಪೊ. ಆಫ್ರಿಕಾದ ದೊಡ್ಡ ಚೀಲ ಇಲಿಗಳನ್ನು ಅವರು ಟಾಂಜಾನಿಯಾದಲ್ಲಿ ತರಬೇತಿ ಮಾಡ್ತಾರೆ. ಅವರ ಮಗಾವಾ ಅನ್ನೋ ಇಲಿಗೆ ಕಾಂಬೋಡಿಯಾದ ಕೆಲಸಕ್ಕಾಗಿ 2020ರಲ್ಲಿ ಬ್ರಿಟನ್ನಿನ ಚಿನ್ನದ ಪದಕವೂ ಬಂತು. ಬಾಂಬ್ ಇದ್ದ ಆ ನೆಲವೂ ರೈತರದೇ.

ತರೋ ಮುಂಚೆ ಒಂದು ಫೋನ್ ಮಾಡಿ. ನಮ್ಮ ಹಳ್ಳಿಯ ಪಶು ಆಸ್ಪತ್ರೆಗಳು ದನ, ಕುರಿಗೆ ಅಂತ ಇರೋದು, ಇಲಿ ನೋಡಿದ ಡಾಕ್ಟರ್ ಸಿಗೋದು ಅಪರೂಪ. ಬೆಂಗಳೂರು, ಬೀದರ್, ಶಿವಮೊಗ್ಗ, ಹಾಸನದ ಪಶುವೈದ್ಯಕೀಯ ಕಾಲೇಜುಗಳಲ್ಲಿ ಅಥವಾ ಹತ್ತಿರದ ಪಟ್ಟಣದ ಖಾಸಗಿ ಡಾಕ್ಟರ್ ಹತ್ರ, ಇಲಿ ನೋಡ್ತೀರಾ ಅಂತ ಕೇಳಿ. ಯಾರೂ ಹೂಂ ಅನ್ನದಿದ್ರೆ ತರಬೇಡಿ. ಕಣ್ಣು, ಮೂಗಿನ ಸುತ್ತ ಕೆಂಪು ಕಂಡ್ರೆ ಅದು ರಕ್ತ ಅಲ್ಲ, ಕಣ್ಣೀರಿನ ಬಣ್ಣ. ಆದ್ರೆ ಜಾಸ್ತಿ ಇದ್ರೆ ಹುಷಾರಿಲ್ಲ ಅಂತ ಅರ್ಥ. ಉಸಿರಾಡುವಾಗ ಗೊರಗೊರ ಸದ್ದು ಬಂದ್ರೆ ಅಂದೇ ಹೋಗಬೇಕು. ದನಕ್ಕೆ ತಂದು ಉಳಿದ ಇಂಜೆಕ್ಷನ್ ಅಳತೆ ಗೊತ್ತಿಲ್ಲದೆ ಚುಚ್ಚಬೇಡಿ. ಹೆಣ್ಣಿಲಿಗಳಿಗೆ ಒಂದೂವರೆ ವರ್ಷ ದಾಟಿದ ಮೇಲೆ ಕೆಚ್ಚಲ ಭಾಗದಲ್ಲಿ ಗಡ್ಡೆ ಬರೋದು ಸಾಮಾನ್ಯ, ಚಿಕ್ಕದಿದ್ದಾಗಲೇ ತೋರಿಸಿದ್ರೆ ತೆಗೀಬಹುದು.

ಎಷ್ಟೇ ಚೆನ್ನಾಗಿ ನೋಡ್ಕೊಂಡ್ರೂ ಇಲಿಯ ಆಯಸ್ಸು ಎರಡು, ಹೆಚ್ಚಂದ್ರೆ ಮೂರು ವರ್ಷ. ಎರಡರಲ್ಲಿ ಒಂದು ಮೊದಲು ಹೋಗುತ್ತೆ, ಉಳಿದದ್ದು ಮೂಲೆ ಸೇರುತ್ತೆ. ಆಗ ಅದರ ಜೊತೆ ಇನ್ನಷ್ಟು ಹೊತ್ತು ಕೂರಬೇಕು, ಇಲ್ಲವೇ ಅದೇ ಲಿಂಗದ ಮರಿಯನ್ನು ಒಂದೆರಡು ವಾರ ಬೇರೆ ಪಂಜರದಲ್ಲಿಟ್ಟು, ವಾಸನೆ ಪರಿಚಯ ಆದ ಮೇಲೆ ಸೇರಿಸಬೇಕು. ಸತ್ತದ್ದನ್ನು ತಿಪ್ಪೆಗೆ ಎಸೆಯಬೇಡಿ. ಬಾವಿ, ಬೋರ್‌ವೆಲ್‌ನಿಂದ ದೂರ, ಎರಡಡಿ ಆಳ ತೆಗೆದು ಹೂಳಿ, ನಾಯಿ ಕೆದಕದ ಹಾಗೆ ಮೇಲೊಂದು ಕಲ್ಲು ಇಡಿ.